ಮಕ್ಕಳ ಸೈಕಲ್: ಅಂಗಳದಿಂದ ರಸ್ತೆಗೆ

ಬೇಸಿಗೆ ರಜೆಯಲ್ಲಿ ಸೈಕಲ್ ಕಲಿತ ಮಕ್ಕಳು ಜೂನ್ ಬಂತೆಂದರೆ ಅದರಲ್ಲೇ ಶಾಲೆಗೆ ಹೋಗುತ್ತೇವೆಂದು ಹಟ ಹಿಡಿಯುತ್ತಾರೆ. ಈ ತಿಂಗಳು ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು. ಬ್ಯಾಲೆನ್ಸ್ ಬಂದ ಮಾತ್ರಕ್ಕೆ ಮಗು ರಸ್ತೆಗಿಳಿಯಲು ತಯಾರಾಯಿತು ಎಂದುಕೊಳ್ಳಬೇಡಿ. ನಡುವೆ ಕಲಿಯಬೇಕಾದ್ದು ಬಹಳ ಇದೆ, ಅದನ್ನು ಹಿರಿಯರು ಕೂತು ಕಲಿಸಬೇಕು.

ಪ್ರಶ್ನೆ: ಮಗಳಿಗೆ ಆರು ವರ್ಷ. ನಾಲ್ಕು ವರ್ಷ ಬಾಳಿಕೆ ಬರಲಿ ಎಂದು 20 ಇಂಚಿನ ಸೈಕಲ್ ತಂದೆವು. ಪಕ್ಕದ ಸಣ್ಣ ಚಕ್ರ ತೆಗೆದರೆ ಅಳುತ್ತಾಳೆ. ಬಿದ್ದರೂ ಪೆಟ್ಟಾಗದೆಂದು ಸಂಜೆ ಟಾಗೋರ್ ಕಡಲತೀರಕ್ಕೆ ಕರೆದೊಯ್ಯುತ್ತೇವೆ. ಆದರೂ ಕಲಿಯುತ್ತಿಲ್ಲ. — ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಅವಳ ಹೆದರಿಕೆಗೆ ಸೈಕಲ್ಲಿನ ಎತ್ತರವೇ ಕಾರಣವಿರಬೇಕು. ಕಲಿಯುವ ಮಗು ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮೊಣಕಾಲು ತುಸು ಮಡಚಿರಬೇಕು. ಬೆರಳ ತುದಿಯಷ್ಟೇ ತಾಗುವ ಸೈಕಲ್ಲಿನಲ್ಲಿ ಧೈರ್ಯ ಬರುವುದಾದರೂ ಹೇಗೆ? ಆರು ವರ್ಷದ ಹೆಚ್ಚಿನ ಮಕ್ಕಳಿಗೆ 16 ಇಂಚು ಹೊಂದುತ್ತದೆ. ಸೀಟು ಪೂರ್ತಿ ಇಳಿಸಿಯೂ ಪಾದ ಊರದಿದ್ದರೆ ಆ ಸೈಕಲನ್ನು ಸದ್ಯಕ್ಕೆ ಬದಿಗಿಟ್ಟು, ಕಲಿಯುವಷ್ಟು ದಿನ ನೆರೆಮನೆಯವರ ಸಣ್ಣ ಸೈಕಲ್ ಕೇಳಿ ತನ್ನಿ.

ಪಕ್ಕದ ಚಕ್ರಗಳನ್ನು ತೆಗೆದುಬಿಡಿ, ಮತ್ತೆ ಹಾಕಬೇಡಿ. ಅವು ಇದ್ದಷ್ಟು ದಿನ ಸೈಕಲ್ ಒರಗುವುದೇ ಇಲ್ಲ. ಎರಡು ಚಕ್ರದ ಮೇಲೆ ತಿರುಗಬೇಕಾದರೆ ತಿರುಗುವ ಕಡೆಗೆ ಒರಗಲೇಬೇಕು. ಪಕ್ಕದ ಚಕ್ರದಲ್ಲಿ ವರ್ಷಗಟ್ಟಲೆ ಹೊಡೆದ ಮಗು ಅದನ್ನು ಕಲಿತೇ ಇರುವುದಿಲ್ಲ. ಜೊತೆಗೆ ಪೆಡಲ್‌ಗಳನ್ನೂ ಬಿಚ್ಚಿ. ಸಾಮಾನ್ಯವಾಗಿ 15 ಎಂಎಂ ಪಾನಾ ಸಾಕಾಗುತ್ತದೆ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ, ಎಚ್ಚರ. ಪಾನಾವನ್ನು ಮೇಲ್ಮುಖವಾಗಿ ಕೂರಿಸಿ ಹಿಂದಿನ ಚಕ್ರದ ಕಡೆಗೆ ಒತ್ತಿದರೆ ಎರಡು ಬದಿಯವೂ ಸಡಿಲವಾಗುತ್ತವೆ, ಮುಂದಿನ ಚಕ್ರದ ಕಡೆಗೆ ಒತ್ತಿದರೆ ಬಿಗಿಯಾಗುತ್ತವೆ. ಇದು ಗೊತ್ತಿಲ್ಲದೆ ಜೋರು ಮಾಡಿದರೆ ಥ್ರೆಡ್ ಹಾಳಾಗಿ ಕ್ರ್ಯಾಂಕನ್ನೇ ಬದಲಿಸಬೇಕಾದೀತು.

ಪೆಡಲ್ ಇಲ್ಲದ ಸೈಕಲ್ಲಿನಲ್ಲಿ ಕೂತು ಮೊದಲು ನಡೆಯಲಿ. ಆಮೇಲೆ ಕಾಲಿನಿಂದ ನೆಲ ತಳ್ಳಿ ಓಡಿಸಲಿ, ಕೊನೆಗೆ ಎರಡೂ ಕಾಲು ಎತ್ತಿ ಜಾರಲಿ. ಕಾಲೆತ್ತಿ ನಾಲ್ಕೈದು ಸೆಕೆಂಡು ನೆಟ್ಟಗೆ ಹೋಗುವಂತಾದರೆ ಪೆಡಲ್ ಜೋಡಿಸಬಹುದು. ಬ್ರೇಕ್ ಹಿಡಿಯುವುದನ್ನು ಜಾರುವ ದಿನಗಳಲ್ಲೇ ಕಲಿಸಿ, ಪೆಡಲ್ ಬಂದ ಮೇಲೆ ಗಮನವೆಲ್ಲ ಕಾಲಿನ ಕಡೆ ಹೋಗಿಬಿಡುತ್ತದೆ. ಹೊರಡುವಾಗ ಬಲ ಪೆಡಲ್ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಇರಲಿ, ಆಗ ಮೊದಲ ತುಳಿತಕ್ಕೇ ಬಲ ಸಿಗುತ್ತದೆ. ನೀವು ಹಿಡಿಯುವುದಾದರೆ ಕಂಕುಳ ಹತ್ತಿರ ಮಗುವನ್ನೇ ಹಿಡಿಯಿರಿ, ಹ್ಯಾಂಡಲ್ ಬೇಡ. ನೀವು ಹ್ಯಾಂಡಲ್ ಹಿಡಿದರೆ ಬ್ಯಾಲೆನ್ಸ್ ಮಾಡುತ್ತಿರುವುದು ನೀವು.

ಕಡಲತೀರ ಇದಕ್ಕೆ ಒಳ್ಳೆಯ ಜಾಗವಲ್ಲ. ಒಣ ಹೊಯ್ಗೆಯಲ್ಲಿ ಚಕ್ರ ಹೂತು ವೇಗವೇ ಬರುವುದಿಲ್ಲ, ವೇಗವಿಲ್ಲದೆ ಬ್ಯಾಲೆನ್ಸ್ ಇಲ್ಲ. ನೀರಂಚಿನ ಗಟ್ಟಿ ಮರಳಿನಲ್ಲಿ ಓಡುತ್ತದೆ ನಿಜ, ಆದರೆ ಉಪ್ಪುನೀರು ಚೈನು, ಬೇರಿಂಗು ಎಲ್ಲವನ್ನೂ ತಿನ್ನುತ್ತದೆ. ಮಾಲಾದೇವಿ ಮೈದಾನವೋ ಶಾಲೆಯ ಬಯಲೋ ಆದೀತು. ಸಣ್ಣ ಹುಲ್ಲು, ಹತ್ತು ಹದಿನೈದು ಮೀಟರಿನ ತೀರಾ ನಸು ಇಳಿಜಾರು, ಬೆಳಗಿನ ಹೊತ್ತು.

ಪ್ರಶ್ನೆ: ಮಗ ನಾಲ್ಕನೇ ತರಗತಿ. ನಮ್ಮ ಓಣಿಯಲ್ಲಿ ಕೈಬಿಟ್ಟು ಬೇಕಾದರೂ ಹೊಡೆಯುತ್ತಾನೆ. ಶಾಲೆ ಎರಡು ಕಿಲೋಮೀಟರ್, ನಡುವೆ ಯಲ್ಲಾಪುರ ನಾಕಾ ಸಿಗುತ್ತದೆ. ಒಬ್ಬನನ್ನೇ ಕಳಿಸಬಹುದೇ? — ಓದುಗರು, ಶಿರಸಿ

ಉತ್ತರ: ಒಬ್ಬನನ್ನೇ ಈಗಲೇ ಬೇಡ. ಜೊತೆಯಲ್ಲಿ ಕರೆದುಕೊಂಡು ಹೋಗಲು ಇದು ತಕ್ಕ ವಯಸ್ಸು. ಒಂಬತ್ತು ಹತ್ತು ವರ್ಷದವರೆಗೆ ಮಕ್ಕಳು ಬರುವ ಗಾಡಿಯ ದೂರ ಹೇಳಿಯಾರು, ವೇಗ ಅಂದಾಜು ಮಾಡಲಾರರು. ಎದುರಿಗೆ ಗೆಳೆಯ ಕಂಡರೆ ಹಿಂದಿನ ಬಸ್ಸು ಮರೆತೇ ಹೋಗುತ್ತದೆ. ಅದು ಅವರ ತಪ್ಪಲ್ಲ, ಆ ವಯಸ್ಸಿನ ಬುದ್ಧಿ ಒಂದು ಹೊತ್ತಿಗೆ ಒಂದನ್ನೇ ಹಿಡಿಯುತ್ತದೆ. ಸೈಕಲ್ ಶಿಕ್ಷಣ ವ್ಯವಸ್ಥಿತವಾಗಿರುವ ಜರ್ಮನಿಯಲ್ಲೂ ಎಂಟು ವರ್ಷ ತುಂಬದ ಮಕ್ಕಳು ಫುಟ್‌ಪಾತ್ ಮೇಲೆ ಹೊಡೆಯಬೇಕೆಂಬುದು ನಿಯಮ, ಶಾಲೆಯ ಸೈಕಲ್ ಪರೀಕ್ಷೆ ಸಾಮಾನ್ಯವಾಗಿ ನಾಲ್ಕನೇ ತರಗತಿಯಲ್ಲಿ. ನಮ್ಮಲ್ಲಿ ಫುಟ್‌ಪಾತೂ ಇಲ್ಲ, ಪರೀಕ್ಷೆಯೂ ಇಲ್ಲ. ಎರಡರ ಹೊಣೆಯೂ ಮನೆಯವರ ಮೇಲೇ ಬೀಳುತ್ತದೆ.

ಕೈಬಿಟ್ಟು ಹೊಡೆಯುವುದು ರಸ್ತೆಗೆ ಉಪಯೋಗವಿಲ್ಲ. ಅವನಿಗೆ ಈ ಕೆಲಸಗಳು ಬರುತ್ತವೆಯೇ ನೋಡಿ. ಮೈದಾನದಲ್ಲಿ ಸುಣ್ಣದಿಂದ ಒಂದಡಿ ಅಗಲದ, 20 ಮೀಟರ್ ಉದ್ದದ ಪಟ್ಟಿ ಎಳೆಯಿರಿ. ಅದರೊಳಗೆ ನಿಧಾನವಾಗಿ, ಗೆರೆ ಮುಟ್ಟದೆ ಹೋಗಬೇಕು. ಓಡುವಷ್ಟು ವೇಗದಲ್ಲಿ ಬರುವಾಗ ನೀವು "ನಿಲ್ಲು" ಎಂದ ಕೂಡಲೇ ಎರಡೂ ಬ್ರೇಕ್ ಹಿಡಿದು, ಜಾರದೆ ನಿಂತು, ಎಡಗಾಲು ಊರಬೇಕು. ಒಂದು ಕೈ ಚಾಚಿ ಮೂರು ನಾಲ್ಕು ಸೆಕೆಂಡು ನೆಟ್ಟಗೆ ಹೋಗಬೇಕು: ಬಲಕ್ಕೆ ಹೋಗುವುದಾದರೆ ಬಲಗೈ, ಎಡಕ್ಕಾದರೆ ಎಡಗೈ, ಭುಜದ ಮಟ್ಟಕ್ಕೆ.

ಇವೆಲ್ಲಕ್ಕಿಂತ ಕಷ್ಟದ್ದು ಹಿಂದೆ ತಿರುಗಿ ನೋಡುವುದು. ನಮ್ಮ ಮಟ್ಟಿಗೆ ಇದು ಬಾರದ ಮಗು ರಸ್ತೆಗೆ ಇಳಿಯಲೇಬಾರದು. ನೀವು ಹಿಂದೆ ನಿಂತು ಬೆರಳು ತೋರಿಸಿ. ಅವನು ಹೋಗುತ್ತಲೇ ಬಲ ಭುಜದ ಮೇಲಿಂದ ನೋಡಿ ಎಷ್ಟು ಬೆರಳು ಎಂದು ಹೇಳಬೇಕು, ಸೈಕಲ್ ಮಾತ್ರ ಅತ್ತಿತ್ತ ಸರಿಯಬಾರದು. ಮೊದಮೊದಲು ಎಲ್ಲ ಮಕ್ಕಳೂ ಬಲಕ್ಕೆ, ಅಂದರೆ ರಸ್ತೆಯ ನಡುವಿಗೆ, ಎಳೆಯುತ್ತಾರೆ. ಕುತ್ತಿಗೆಯ ಜೊತೆ ಭುಜ ತಿರುಗಿ, ಭುಜದ ಜೊತೆ ಹ್ಯಾಂಡಲ್ ತಿರುಗುವುದೇ ಕಾರಣ. ತಿದ್ದುವ ದಾರಿ: ಕೆಲವು ದಿನ ಬಲಗೈಯನ್ನು ತೊಡೆಯ ಮೇಲಿಟ್ಟು ತಿರುಗಿ ನೋಡಲಿ. ಆ ಕೈ ಹ್ಯಾಂಡಲ್ ಮೇಲೆ ಇಲ್ಲದಿದ್ದರೆ ಎಳೆಯುವ ಪ್ರಶ್ನೆಯೇ ಇಲ್ಲ. ಅಭ್ಯಾಸವಾದ ಮೇಲೆ ಮೊಣಕೈ ಸಡಿಲ ಬಿಟ್ಟು, ಗಲ್ಲವನ್ನು ಭುಜಕ್ಕೆ ತಾಗಿಸುವಂತೆ ನೋಡಿದರೆ ಸಾಕು. ಒಂದು ಸಲ ಬಂತೆಂದು ಬಿಡಬೇಡಿ. ಹತ್ತಕ್ಕೆ ಹತ್ತು ಸಲ ಬರಬೇಕು.

ಆಮೇಲೆ ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಶಾಲೆಯ ದಾರಿಯಲ್ಲೇ ಕರೆದೊಯ್ಯಿರಿ. ನೀವೂ ಸೈಕಲ್ಲಿನಲ್ಲೇ ಇರಿ, ಅವನ ಹಿಂದೆ, ಒಂದು ಸೈಕಲ್ಲಿನಷ್ಟು ಅಂತರದಲ್ಲಿ, ತುಸು ಬಲಕ್ಕೆ. ಹಿಂದಿನ ಗಾಡಿಯವರು ಮೊದಲು ನಿಮ್ಮನ್ನು ತಪ್ಪಿಸುವುದರಿಂದ ಅವನಿಗೂ ಜಾಗ ಸಿಗುತ್ತದೆ. ಸ್ಕೂಟರಿನಲ್ಲಿ ಪಕ್ಕಕ್ಕೇ ಹೋಗುತ್ತ ಮಾತಾಡಿಸುವವರನ್ನು ಕಾಣುತ್ತೇವೆ, ದಯವಿಟ್ಟು ಹಾಗೆ ಮಾಡಬೇಡಿ. ಮಗು ರಸ್ತೆ ಬಿಟ್ಟು ನಿಮ್ಮ ಮುಖ ನೋಡುತ್ತದೆ.

ಎಲ್ಲಿ ಹೋಗಬೇಕು ಎಂಬುದನ್ನೂ ಹೇಳಿಕೊಡಬೇಕು. "ಬದಿಗೆ ಹೋಗು, ಬದಿಗೆ ಹೋಗು" ಎಂದು ಹೇಳಿ ಹೇಳಿ ಮಕ್ಕಳು ಡಾಂಬರಿನ ತುದಿಗೇ ಅಂಟಿಕೊಳ್ಳುತ್ತಾರೆ. ನಮ್ಮ ರಸ್ತೆಗಳ ಅಂಚಿನಲ್ಲಿ ಡಾಂಬರಿಗೂ ಕೆಂಪು ಮಣ್ಣಿಗೂ ಗೇಣಿನಷ್ಟು ಇಳಿತ ಇರುವಲ್ಲೂ ಉಂಟು. ಮುಂದಿನ ಚಕ್ರ ಕೆಳಗಿಳಿಯಿತು, ಮಗು ಗಾಬರಿಯಿಂದ ಓರೆಯಾಗಿ ಮೇಲೆ ಹತ್ತಿಸಲು ನೋಡಿತು, ಚಕ್ರ ಅಂಚಿಗೆ ಉಜ್ಜಿ ಅಲ್ಲೇ ಸಿಕ್ಕಿಕೊಂಡಿತು, ಸೈಕಲ್ ರಸ್ತೆಯ ಕಡೆಗೇ ಮಗುಚಿತು. ಈ ಬೀಳುವಿಕೆ ಬಹಳ ಅಪಾಯದ್ದು, ಹಿಂದಿನ ಗಾಡಿಯ ಮುಂದೆಯೇ ಆಗುತ್ತದೆ. ಅಂಚಿನಿಂದ ಅರ್ಧ, ಮುಕ್ಕಾಲು ಮೀಟರ್ ಒಳಗೆ, ನೆಟ್ಟಗೆ ಹೋಗಲಿ. ಚಕ್ರ ಇಳಿದೇ ಹೋದರೆ ಮೇಲೆ ಹತ್ತಿಸಲು ಹೋಗದೆ ಮಣ್ಣಿನಲ್ಲೇ ಬ್ರೇಕ್ ಹಿಡಿದು ನಿಂತು, ಇಳಿದು, ಸೈಕಲ್ ಎತ್ತಿ ಇಡಲಿ. ನಿಂತ ಕಾರು, ರಿಕ್ಷಾಗಳನ್ನು ದಾಟುವಾಗ ಬಾಗಿಲು ತೆರೆದರೂ ತಾಗದಂತೆ ಒಂದು ಮೀಟರ್ ಬಿಡಲಿ, ಹೊರಗೆ ಬರುವ ಮೊದಲು ಹಿಂದೆ ನೋಡಲಿ.

ನಾಕಾದಲ್ಲಿ ಹತ್ತು ಹನ್ನೆರಡು ವರ್ಷದವರೆಗೂ ಇಳಿದು ತಳ್ಳಿಕೊಂಡೇ ದಾಟಲಿ. ಬಲಕ್ಕೆ ತಿರುಗಬೇಕಾದರೆ ನಡುವಿಗೆ ಬರುವುದು ಬೇಡ, ಎಡಬದಿಯಲ್ಲೇ ಮುಂದೆ ಹೋಗಿ, ಇಳಿದು, ಪಾದಚಾರಿಯಂತೆ ದಾಟಲಿ. ನಿಂತ ಬಸ್ಸಿನ ಎಡಕ್ಕೆ ನುಗ್ಗಬಾರದು, ಬಾಗಿಲಿನಿಂದ ಜನ ಇಳಿಯುತ್ತಿರುತ್ತಾರೆ. ಲಾರಿ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಿನಿಂದ ಕೊರೆದುಕೊಂಡು ಬರುತ್ತದೆ. ಲಾರಿಯ ಎಡಪಕ್ಕ ನಿಂತ ಸೈಕಲ್ ಡ್ರೈವರ್‌ಗೆ ಕಾಣುವುದೂ ಇಲ್ಲ. ಅವನಿಗೆ ಹೇಳಿಕೊಡುವ ಮಾತು ಇಷ್ಟೇ: ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಿನಗೆ ಕಾಣದಿದ್ದರೆ ನೀನು ಅವನಿಗೆ ಕಾಣುತ್ತಿಲ್ಲ, ಹಿಂದೆಯೇ ನಿಲ್ಲು. ಮಾರಿಕಾಂಬೆಯ ಜಾತ್ರೆಯ ದಿನಗಳಲ್ಲಂತೂ ಪೇಟೆಯೊಳಗೆ ಮಕ್ಕಳಿಗೆ ಸೈಕಲ್ಲೇ ಬೇಡ.

ಪ್ರಶ್ನೆ: ಹೆದ್ದಾರಿ ನಾಲ್ಕು ಪಥವಾದ ಮೇಲೆ ನಮ್ಮೂರಿನ ಮಕ್ಕಳು ಡಿವೈಡರ್ ತೆರೆದಿರುವ ಜಾಗದವರೆಗೆ ರಾಂಗ್ ಸೈಡಿನಲ್ಲೇ ಹೋಗುತ್ತಾರೆ. ಎದುರಿಂದ ಬರುವ ಗಾಡಿ ಕಾಣುತ್ತದಲ್ಲ, ಅದೇ ವಾಸಿ ಎನ್ನುತ್ತಾರೆ. ನಿಜವೇ? — ಓದುಗರು, ಕುಮಟಾ ತಾಲೂಕು

ಉತ್ತರ: ನಡೆಯುವವರಿಗೆ ನಿಜ, ಸೈಕಲ್ಲಿನವರಿಗೆ ಅಲ್ಲ. ಲೆಕ್ಕ ಹಾಕಿ ನೋಡಿ. ಗಾಡಿ ಗಂಟೆಗೆ 60 ಕಿಲೋಮೀಟರ್, ಸೈಕಲ್ 15. ಒಂದೇ ದಿಕ್ಕಿನಲ್ಲಿದ್ದರೆ ಅಂತರ 45ರ ವೇಗದಲ್ಲಿ ಕಡಿಮೆಯಾಗುತ್ತದೆ, ಎದುರುಬದುರಾದರೆ 75ರ ವೇಗದಲ್ಲಿ. ಇಬ್ಬರಿಗೂ ಯೋಚಿಸಲು ಸಿಗುವ ಹೊತ್ತು ಅಷ್ಟು ಕಡಿಮೆ, ತಾಗಿದರೆ ಪೆಟ್ಟು ಅಷ್ಟು ಜಾಸ್ತಿ. ಇನ್ನೊಂದು, ಅಡ್ಡರಸ್ತೆಯಿಂದ ಹೆದ್ದಾರಿಗೆ ಎಡಕ್ಕೆ ಸೇರುವವರು ಬಲಕ್ಕಷ್ಟೇ ನೋಡುತ್ತಾರೆ. ಎಡದಿಂದ ಸೈಕಲ್ ಬಂದೀತೆಂಬ ಎಣಿಕೆಯೇ ಅವರಿಗಿಲ್ಲ. ಸರ್ವಿಸ್ ರಸ್ತೆ ಇದ್ದಲ್ಲಿ ಅದರಲ್ಲೇ, ಗಾಡಿಗಳು ಹೋಗುವ ದಿಕ್ಕಿನಲ್ಲೇ ಹೋಗಲಿ. ಇಲ್ಲದಲ್ಲಿ ಇಳಿದು, ಡಾಂಬರಿನ ಹೊರಗೆ ತಳ್ಳಿಕೊಂಡು ನಡೆಯಲಿ. ಅಂಡರ್‌ಪಾಸ್ ಹತ್ತು ನಿಮಿಷ ಸುತ್ತಾದರೂ ಅದೇ ದಾರಿ ಒಳ್ಳೆಯದು.

ದಾಟಲೇಬೇಕಾದರೆ ದೊಡ್ಡವರು ಜೊತೆಗೆ ಹೋಗಿ ಒಮ್ಮೆ ಅಳತೆ ಮಾಡಿ ಕೊಡಬೇಕು. ಒಂದು ಬದಿಯ ಎರಡು ಪಥ ಏಳು ಮೀಟರ್, ಅಂಚು ಸೇರಿ ಎಂಟು ಒಂಬತ್ತು. ಸೈಕಲ್ ತಳ್ಳುವ ಮಗು ಸೆಕೆಂಡಿಗೆ ಹೆಚ್ಚೆಂದರೆ ಒಂದು ಮೀಟರ್ ನಡೆಯುತ್ತದೆ, ಅಂದರೆ ಒಂಬತ್ತು ಸೆಕೆಂಡು. 80ರ ವೇಗದ ಕಾರು ಅಷ್ಟರಲ್ಲಿ 200 ಮೀಟರ್ ಬಂದಿರುತ್ತದೆ. ಹಾಗಾಗಿ ದಾಟುವ ಜಾಗದಿಂದ 200 ಮೀಟರಿಗಿಂತ ಸ್ವಲ್ಪ ಆಚೆ ಒಂದು ಗುರುತು ಹಿಡಿಯಿರಿ, ಮರವೋ ಬೋರ್ಡೋ. ಆ ಗುರುತಿನಿಂದ ಈಚೆ ಯಾವುದೇ ಗಾಡಿ ಇದ್ದರೂ ದಾಟುವುದಿಲ್ಲ, ಇದು ನಿಯಮ. ಮಗು ವೇಗ ಅಂದಾಜು ಮಾಡುವ ಪ್ರಮೇಯವೇ ಬರುವುದಿಲ್ಲ. ಅಷ್ಟು ದೂರ ಕಾಣದ ತಿರುವು, ಏರು ಇರುವಲ್ಲಿ ದಾಟಲೇಬಾರದು.

ಡಿವೈಡರ್ ನಡುವೆ ನಿಲ್ಲುವಾಗ ಇನ್ನೊಂದು ಅಪಾಯ ಇದೆ. ದೊಡ್ಡ ಮಕ್ಕಳ ಸೈಕಲ್ ಒಂದೂವರೆ ಮೀಟರಿಗೂ ಹೆಚ್ಚು ಉದ್ದ. ಅಡ್ಡಕ್ಕೆ ನಿಂತರೆ ಮುಂದಿನದೋ ಹಿಂದಿನದೋ ಚಕ್ರ ರಸ್ತೆಗೆ ಚಾಚಿಕೊಂಡಿರುತ್ತದೆ. ಸೈಕಲನ್ನು ಡಿವೈಡರ್ ಉದ್ದಕ್ಕೆ ತಿರುಗಿಸಿ ನಿಲ್ಲಬೇಕು. ಶಾಲೆಯ ಎಸ್‌ಡಿಎಂಸಿಯವರು ಸೇರಿ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಹಿರಿಯರೊಬ್ಬರನ್ನು ಅಲ್ಲಿ ನಿಲ್ಲಿಸುವಂತಾದರೆ ಬಹಳ ಒಳ್ಳೆಯದು.

ಪ್ರಶ್ನೆ: ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೆಯುತ್ತೀಯ ಎಂದು ಮಗಳಿಗೆ ಹೇಳಿದ್ದೇವೆ. ಸೈಕಲ್ ರಿಪೇರಿಯವರು ಅದು ತಪ್ಪು ಎನ್ನುತ್ತಾರೆ. — ಓದುಗರು, ಯಲ್ಲಾಪುರ

ಉತ್ತರ: ರಿಪೇರಿಯವರು ಹೇಳಿದ್ದು ಸರಿ. ಬ್ರೇಕ್ ಹಿಡಿದೊಡನೆ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ಬೇಗ ಲಾಕ್ ಆಗಿ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಪಲ್ಟಿಯಾಗುವುದು ಮುಂದಿನದನ್ನು ಒಮ್ಮೆಲೇ ಕಚಕ್ಕನೆ ಹಿಡಿದಾಗ, ಅದೂ ಮೈ ಮುಂದಕ್ಕೆ ಬಾಗಿದ್ದಾಗ. ಎರಡನ್ನೂ ಒಟ್ಟಿಗೆ, ನಿಧಾನವಾಗಿ ಬಿಗಿ ಮಾಡುತ್ತ ಹೋಗುವುದು, ಸೀಟಿನಲ್ಲಿ ಹಿಂದಕ್ಕೆ ಸರಿದು ಕೈ ಗಟ್ಟಿ ಮಾಡಿಕೊಳ್ಳುವುದು, ಇವನ್ನು ಸಮತಟ್ಟಾದ ಜಾಗದಲ್ಲೇ ರೂಢಿ ಮಾಡಿಸಿ. ನಮ್ಮಲ್ಲಿ ಹೆಚ್ಚಿನ ಸೈಕಲ್‌ಗಳಲ್ಲಿ ಬಲಗೈಯದು ಮುಂದಿನ ಬ್ರೇಕ್. ಆದರೂ ಮುಂದಿನ ಚಕ್ರ ಎತ್ತಿ ತಿರುಗಿಸಿ, ಹಿಡಿದು ಖಾತ್ರಿ ಮಾಡಿಕೊಳ್ಳಿ. ಅವಳ ಎರಡು ಬೆರಳು ಲಿವರ್‌ಗೆ ಸಲೀಸಾಗಿ ನಿಲುಕದಿದ್ದರೆ, ಲಿವರ್ ಬುಡದ ಸಣ್ಣ ಸ್ಕ್ರೂ ತಿರುಗಿಸಿ ಹತ್ತಿರ ತರಬಹುದು. ಆ ಸ್ಕ್ರೂ ಎಲ್ಲ ಸೈಕಲ್ಲಿಗೂ ಇರುವುದಿಲ್ಲ.

ಇಳಿಜಾರಿನಲ್ಲಿ ವೇಗ ಬಂದ ಮೇಲೆ ಹಿಡಿಯುವುದಲ್ಲ, ಮೇಲಿನಿಂದಲೇ ಹಿಡಿತದಲ್ಲಿ ಇಳಿಯಬೇಕು. ತಿರುವಿನ ಮೊದಲೇ ವೇಗ ಇಳಿಸಬೇಕು. ತಿರುವಿನಲ್ಲಿ ಒಳಬದಿಯ ಪೆಡಲ್ ಮೇಲಿರಲಿ, ಕೆಳಗಿದ್ದರೆ ನೆಲಕ್ಕೆ ತಾಗಿ ಸೈಕಲ್ ಎಗರುತ್ತದೆ. ದೇವಿಮನೆ, ಅರಬೈಲಿನಂಥ ಘಟ್ಟದ ರಸ್ತೆಗಳು ಮಕ್ಕಳಿಗಲ್ಲ, ಎಷ್ಟೇ ಚೆನ್ನಾಗಿ ಹೊಡೆಯಲಿ.

ಪ್ರಶ್ನೆ: ಹೊಸ ಬ್ರೇಕ್ ರಬ್ಬರ್ ಹಾಕಿಸಿದರೂ ಮಳೆ ಬಂದರೆ ಸೈಕಲ್ ನಿಲ್ಲುವುದಿಲ್ಲ. — ಎಂಟನೇ ತರಗತಿ ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ರಬ್ಬರಿಗೂ ರಿಮ್ಮಿಗೂ ನಡುವೆ ನೀರಿನ ಪದರ ಇರುವುದರಿಂದ ಹಾಗಾಗುತ್ತದೆ, ಮರಿ. ಚಕ್ರ ಕೆಲವು ಸುತ್ತು ತಿರುಗಿ ಆ ನೀರು ಒರೆಸಿಹೋದ ಮೇಲಷ್ಟೇ ಬ್ರೇಕ್ ಹಿಡಿಯುತ್ತದೆ. ಹೊಳೆಯುವ ಸ್ಟೀಲ್ ರಿಮ್ಮಿನಲ್ಲಂತೂ ಇದು ಜಾಸ್ತಿ, ಅಲ್ಯೂಮಿನಿಯಂ ರಿಮ್ ವಾಸಿ. ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕನ್ನು ಹಗುರಾಗಿ ತಾಗಿಸಿ ನೀರು ಒರೆಸಿಕೋ, ಆಮೇಲೆ ಬಿಗಿಯಾಗಿ ಹಿಡಿ. ಮುಂದಿನ ಗಾಡಿಗೆ ಒಣ ದಿನ ಬಿಡುವ ಅಂತರಕ್ಕಿಂತ ಎರಡು ಪಟ್ಟಾದರೂ ಬಿಡು. ವಾರಕ್ಕೊಮ್ಮೆ ರಿಮ್ಮನ್ನೂ ರಬ್ಬರನ್ನೂ ಒಣ ಬಟ್ಟೆಯಿಂದ ಒರೆಸು, ಕೆಸರಿನ ಹರಳು ರಬ್ಬರಿಗೆ ಕಚ್ಚಿಕೊಂಡು ರಿಮ್ ಕೊರೆಯುತ್ತದೆ.

ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಹೊಡೆಯಲೇಬೇಡ. ಕಡಲ ಗಾಳಿಗೆ ಕೊಡೆ ಮಗುಚಿದರೆ ಸೈಕಲ್ಲೂ ಅದರ ಜೊತೆ ಹೋಗುತ್ತದೆ. ರೇನ್‌ಕೋಟ್ ಗಿಡ್ಡದ್ದು, ಹಳದಿಯೋ ಕಿತ್ತಳೆಯೋ ಬಣ್ಣದ್ದು ಇರಲಿ. ಟೊಪ್ಪಿ ಕಣ್ಣ ಬದಿಗೆ ಅಡ್ಡ ಬಂದರೆ ಹಿಂದಿನದು ಕಾಣುವುದಿಲ್ಲ, ಅದರ ಮೇಲೆ ಹೆಲ್ಮೆಟ್ ಕಟ್ಟು. ರಸ್ತೆಯ ಬಿಳಿ ಬಣ್ಣದ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ಪಾಚಿ ಇರುವಲ್ಲಿ ತಿರುಗಬೇಡ, ಬ್ರೇಕ್ ಹಿಡಿಯಬೇಡ, ನೆಟ್ಟಗೆ ದಾಟು. ರೈಲ್ವೆ ಗೇಟಿನಲ್ಲಿ ಹಳಿಗೆ ಅಡ್ಡವಾಗಿ, ಇಳಿದು ತಳ್ಳಿಕೊಂಡು ದಾಟು. ಕೆಂಪು ನೀರು ತುಂಬಿ ನೆಲ ಕಾಣದ ಕಡೆ ಹೋಗಬೇಡ, ಗಟಾರದ ಬಾಯಿ ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಸೈಕಲ್ಲಿಗೂ ಹೆಲ್ಮೆಟ್ ಬೇಕೇ? ಅಪ್ಪನ ಬೈಕಿನದೇ ಸಾಲದೇ? ಚೂಡಿದಾರದ ವೇಲು ಚೈನಿಗೆ ಸಿಗದಂತೆ ಏನು ಮಾಡಬೇಕು? — ಓದುಗರು, ಸಿದ್ದಾಪುರ

ಉತ್ತರ: ಕಾನೂನಿನ ಕಡ್ಡಾಯವಿಲ್ಲ, ಆದರೆ ಬೇಕು. ಬೈಕಿನ ಹೆಲ್ಮೆಟ್ ಭಾರ, ದೊಡ್ಡದು, ಮಗುವಿನ ಕುತ್ತಿಗೆಗೆ ಆಗದು, ಕಿವಿಗೂ ಕೇಳದು. ಒಳಗೆ ಇಎನ್ 1078 ಎಂಬ ಗುರುತಿರುವ ಸೈಕಲ್ ಹೆಲ್ಮೆಟ್ ತನ್ನಿ. ಹುಬ್ಬಿನ ಮೇಲೆ ಎರಡು ಬೆರಳು ಜಾಗ, ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗಲ್ಲದ ಕೆಳಗೆ ಒಂದೆರಡು ಬೆರಳು ತೂರಬೇಕು. ಜೋರಾಗಿ ಬಿದ್ದು ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ, ಒಳಗಿನ ಥರ್ಮೋಕೋಲ್ ಒಡೆದಿರುತ್ತದೆ. ವೇಲನ್ನು ಮಡಚಿ ಚೀಲಕ್ಕೆ ಹಾಕುವುದೇ ಸರಿ. ಚೈನ್ ಕವರ್, ಹಿಂದಿನ ಚಕ್ರಕ್ಕೆ ಜಾಳಿಗೆ ಎರಡೂ ಇರಲಿ. ಪುಸ್ತಕದ ಚೀಲ ಹ್ಯಾಂಡಲ್‌ಗೆ ತೂಗುಹಾಕಬಾರದು.

ಪ್ರಶ್ನೆ: ನಮ್ಮ ಶಾಲೆಗೆ 40 ಸೈಕಲ್ ಬರುತ್ತವೆ. ಅಕ್ಕ ಅಣ್ಣಂದಿರಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟಿದ್ದ ಹಳೆಯವೇ ಹೆಚ್ಚು. ಶನಿವಾರ ತಪಾಸಣೆ ಮಾಡಬೇಕೆಂದಿದ್ದೇವೆ. ಏನೇನು ನೋಡಬೇಕು? — ಶಿಕ್ಷಕರು, ಅಂಕೋಲಾ ತಾಲೂಕು

ಉತ್ತರ: ಒಳ್ಳೆಯ ಯೋಚನೆ ಸರ್. ದೊಡ್ಡ ಮಕ್ಕಳಿಬ್ಬರನ್ನು ಜೊತೆಗಿಟ್ಟುಕೊಂಡರೆ ಒಂದು ಸೈಕಲ್ಲಿಗೆ ಎರಡು ಮೂರು ನಿಮಿಷ ಸಾಕು. ಮೊದಲು ಸವಾರನನ್ನೇ ಕೂರಿಸಿ ನೋಡಿ. ರಸ್ತೆಗೆ ಬರುವ ಮಗುವಿಗೆ ಸೀಟಿನಿಂದ ಎರಡೂ ಕಾಲಿನ ಮುಂಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಸೀಟು ಇಳಿಸಿ, ಇಳಿಸಿಯೂ ಆಗದಿದ್ದರೆ ಆ ಮಗು ಸದ್ಯಕ್ಕೆ ಆ ಸೈಕಲ್ ತರುವುದು ಬೇಡ ಎಂದು ಮನೆಗೆ ತಿಳಿಸಿ.

ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿ ಹಿಡಿದು ಹ್ಯಾಂಡಲ್ ತಿರುಗಿಸಿ. ಚಕ್ರ ಅಲ್ಲಾಡದೆ ಹ್ಯಾಂಡಲ್ ಮಾತ್ರ ತಿರುಗಿದರೆ ಅದನ್ನು ಆ ದಿನವೇ ಬಿಗಿ ಮಾಡಬೇಕು, ಇದನ್ನು ಮುಂದೂಡಬಾರದು. ಒಂದೊಂದೇ ಬ್ರೇಕ್ ಹಿಡಿದು ಸೈಕಲ್ ತಳ್ಳಿ. ಮುಂದಿನದಕ್ಕೆ ಹಿಂದಿನ ಚಕ್ರ ಏಳಬೇಕು, ಹಿಂದಿನದಕ್ಕೆ ಚಕ್ರ ತಿರುಗದೆ ಎಳೆದುಕೊಂಡು ಬರಬೇಕು. ಪೂರ್ತಿ ಹಿಡಿದಾಗಲೂ ಲಿವರ್‌ಗೂ ಹ್ಯಾಂಡಲ್‌ಗೂ ಒಂದು ಬೆರಳಿನ ಅಂತರ ಉಳಿದಿರಬೇಕು. ರಬ್ಬರ್ ರಿಮ್ಮಿಗೆ ತಾಗಬೇಕು, ಟೈರಿಗೆ ತಾಗುತ್ತಿದ್ದರೆ ಟೈರ್ ಸೀಳುತ್ತದೆ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸುಲಭವಾಗಿ ತಗ್ಗಿದರೆ ಗಾಳಿ ಹಾಕಿಸಿ. ಪ್ರಮಾಣ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಚೈನು ನಡುವೆ ಒಂದು, ಒಂದೂವರೆ ಸೆಂಟಿಮೀಟರ್ ಆಡಬಹುದು, ಹೆಚ್ಚಾದರೆ ಕಳಚಿ ಬೀಳುತ್ತದೆ. ಬೆಲ್ ಮತ್ತು ಹಿಂದಿನ ಕೆಂಪು ರಿಫ್ಲೆಕ್ಟರ್ ಇಲ್ಲದವಕ್ಕೆ ಶಾಲೆಯಿಂದಲೇ ಹಾಕಿಸಿದರೆ ಖರ್ಚು ದೊಡ್ಡದಲ್ಲ.

ಕರಾವಳಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಬ್ರೇಕ್ ಕೇಬಲ್. ಉಪ್ಪುಗಾಳಿಗೆ ಒಳಗಿನ ತಂತಿ ತುಕ್ಕು ಹಿಡಿದು, ಬ್ರೇಕ್ ಬಿಟ್ಟರೂ ಲಿವರ್ ಹಿಂದಕ್ಕೆ ಬರುವುದಿಲ್ಲ. ಅಂಥದ್ದಕ್ಕೆ ಎಣ್ಣೆ ಬಿಟ್ಟು ಸುಮ್ಮನಾಗಬೇಡಿ, ಕೇಬಲ್ ಬದಲಿಸಿ. ಲಿವರ್ ಹತ್ತಿರ ತಂತಿಯ ಒಂದು ಎಳೆ ಬಿಚ್ಚಿಕೊಂಡಿದ್ದರೂ ಅಷ್ಟೇ. ಚೈನಿಗೆ ಮನೆಯಲ್ಲಿ ತೆಂಗಿನೆಣ್ಣೆ ಹಾಕುವವರಿದ್ದಾರೆ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಪ್ರತಿ ಕೊಂಡಿಗೂ ಒಂದೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎಣ್ಣೆಯ ಕೈಯಲ್ಲಿ ರಿಮ್ ಮುಟ್ಟಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.